ಹಗ್ಗ ಬಿಚ್ಚಿದ ಮೇಲೆ ಉಳಿಯುವ ಪಾಠ

ಅಜಿಲಿಟಿ ಸ್ಪರ್ಧೆಯ ಅಂಗಳಕ್ಕೆ ಇಳಿದವರು ಮೊದಲು ಮಾಡುವ ಕೆಲಸ ನಾಯಿಯ ಹಗ್ಗ ಬಿಚ್ಚಿಡುವುದು. ಆಮೇಲೆ ಅವರ ಕೈಯಲ್ಲಿ ತಿಂಡಿ ಇರುವಂತಿಲ್ಲ, ಆಟಿಕೆ ಇರುವಂತಿಲ್ಲ. ನಾಯಿಯನ್ನು ಮುಟ್ಟುವಂತೆಯೂ ಇಲ್ಲ. ಎದುರಿಗೆ ಸುಮಾರು ಇಪ್ಪತ್ತು ಅಡೆತಡೆಗಳು: ಹಾರಬೇಕಾದ ಅಡ್ಡಕೋಲು, ನುಸುಳಬೇಕಾದ ಸುರಂಗ, ಹತ್ತಿ ಇಳಿಯಬೇಕಾದ ಹಲಗೆ, ಹಾವಿನಂತೆ ಹೊರಳಿ ದಾಟಬೇಕಾದ ಗೂಟಗಳ ಸಾಲು. ಯಾವುದಾದ ಮೇಲೆ ಯಾವುದು ಎಂಬುದು ನಾಯಿಗೆ ಗೊತ್ತಿಲ್ಲ. ಅದನ್ನು ತಿಳಿಸಲು ಮನುಷ್ಯನ ಬಳಿ ಇರುವುದು ದನಿ, ಕೈ ಮತ್ತು ತಾನೂ ಜೊತೆಗೆ ಓಡುವ ಕಾಲು, ಅಷ್ಟೇ.

ಇನ್ನೊಂದು ಅಂಗಳ ನಮ್ಮೆಲ್ಲರ ಮನೆಯ ಮುಂದಿನದು. ಬೆಳಗಿನ ಹಾಲು ತರಲು ಹೋದವರು ಗೇಟಿನ ಚಿಲಕ ಹಾಕಲು ಮರೆತಿದ್ದಾರೆ. ನಾಯಿ ಸಂದಿಯಲ್ಲಿ ನುಸುಳಿ ರಸ್ತೆಗೆ ಓಡಿದೆ. ತಿರುವಿನಲ್ಲಿ ಶಾಲೆಯ ವ್ಯಾನಿನ ಸದ್ದು ಕೇಳುತ್ತಿದೆ. ಇಲ್ಲಿಯೂ ಕೈಯಲ್ಲಿ ಹಗ್ಗವಿಲ್ಲ, ತಿಂಡಿಯಿಲ್ಲ. ‘ಬಾ’ ಎಂಬ ಒಂದಕ್ಷರ ಮಾತ್ರ ಇದೆ. ಆ ಅಕ್ಷರಕ್ಕೆ ನಾಯಿ ತಿರುಗುತ್ತದೆಯೋ ಇಲ್ಲವೋ ಎಂಬುದು ಹಿಂದಿನ ಆರು ತಿಂಗಳಲ್ಲಿ ಮನೆಯೊಳಗೆ ಏನು ನಡೆದಿತ್ತು ಎಂಬುದರ ಮೇಲೆ ನಿಂತಿದೆ.

ನಾಯಿಗೆ ಕಲಿಸುವ ಬಗೆಯ ಕುರಿತು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ವಾದ ನಡೆದಿದೆ. ಬೆದರಿಸಿ ಕಲಿಸಬೇಕೋ, ತಿಂಡಿ ಕೊಟ್ಟು ಕಲಿಸಬೇಕೋ? ದಿನವಿಡೀ ಕಲಿಸಬೇಕೋ, ಆಗಾಗ ಸಾಕೋ? ಶಿಕ್ಷಕರ ಬಳಿ ಬಿಡಬೇಕೋ, ಮನೆಯಲ್ಲೇ ಆದೀತೋ? ಇವೆಲ್ಲವನ್ನೂ ಒಂದೇ ಅಳತೆಗೋಲಿನಿಂದ ನೋಡಬಹುದು ಎಂಬುದು ಈ ಲೇಖನದ ನಂಬಿಕೆ: ಹಗ್ಗ ಬಿಚ್ಚಿದ ಮೇಲೂ ಏನು ಉಳಿಯುತ್ತದೆ?

ದಂಡದ ಕಾಲ

1910ರಲ್ಲಿ ಜರ್ಮನಿಯ ಕೊನ್ರಾಡ್ ಮೋಸ್ಟ್ ಎಂಬ ಪೊಲೀಸ್ ಅಧಿಕಾರಿ ನಾಯಿಗಳ ತರಬೇತಿಯ ಬಗ್ಗೆ ಪುಸ್ತಕ ಪ್ರಕಟಿಸಿದರು. ಪೊಲೀಸ್ ಮತ್ತು ಸೇನೆಯ ನಾಯಿಗಳಿಗೆ ಕಲಿಸುವ ಕ್ರಮವನ್ನು ಮೊದಲ ಬಾರಿ ಶಾಸ್ತ್ರದಂತೆ ಬರೆದಿಟ್ಟವರಲ್ಲಿ ಅವರೊಬ್ಬರು. ಮೆಚ್ಚುಗೆ ಮತ್ತು ತಿಂಡಿಯ ಬೆಲೆ ಅವರಿಗೆ ಗೊತ್ತಿತ್ತು. ಆದರೂ ಆ ಕ್ರಮದ ಬೆನ್ನೆಲುಬು ಬಲವಂತವೇ ಆಗಿತ್ತು. ಕೊರಳಪಟ್ಟಿಯ ಜಗ್ಗು, ಬೆತ್ತದ ಪೆಟ್ಟು ಅದರಲ್ಲಿದ್ದವು. 1962ರಲ್ಲಿ ಅಮೆರಿಕದ ವಿಲಿಯಂ ಕೊಹ್ಲರ್ ಬರೆದ ಪುಸ್ತಕ ಇದೇ ದಾರಿಯನ್ನು ಸಾಮಾನ್ಯರ ಮನೆಗೆ ತಂದಿತು. ಸರಪಳಿ ಕೊರಳಪಟ್ಟಿ ಹಾಕಿ ಫಕ್ಕನೆ ಎಳೆಯುವ ಪದ್ಧತಿ ನಮ್ಮ ಊರುಗಳ ಪಾರ್ಕುಗಳಲ್ಲಿ ಇವತ್ತಿಗೂ ಕಾಣುತ್ತದೆ. ‘ದಂಡಂ ದಶಗುಣಂ’ ಎಂದು ಒಪ್ಪಿಕೊಂಡ ಸಮಾಜಕ್ಕೆ ಅದು ಹೊಸದೆನಿಸಲೂ ಇಲ್ಲ.

ಈ ದಾರಿಗೆ ಬಲ ಕೊಟ್ಟದ್ದು ತೋಳದ ಹೋಲಿಕೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಸೆರೆಯಲ್ಲಿದ್ದ ತೋಳಗಳನ್ನು ಗಮನಿಸಿ, ಹಿಂಡಿನ ಮೇಲುಸ್ಥಾನಕ್ಕಾಗಿ ಅವು ಕಾದಾಡುತ್ತವೆ ಎಂದು ಬರೆದರು. ಡೇವಿಡ್ ಮೆಕ್ ಅವರ 1970ರ ಪುಸ್ತಕದ ಮೂಲಕ ‘ಆಲ್ಫಾ’ ಎಂಬ ಮಾತು ಜನಪ್ರಿಯವಾಯಿತು. ನಾಯಿ ತೋಳದ ವಂಶ. ಆದ್ದರಿಂದ ಮನೆಯಲ್ಲಿ ನೀವೇ ಆಲ್ಫಾ ಆಗಬೇಕು. ನಾಯಿಗಿಂತ ಮೊದಲು ಉಣ್ಣಬೇಕು, ಬಾಗಿಲು ದಾಟಬೇಕು, ಗುರ್ ಎಂದರೆ ಬೆನ್ನ ಮೇಲೆ ಕೆಡವಿ ಅದುಮಬೇಕು ಎಂಬ ಉಪದೇಶಗಳೆಲ್ಲ ಅಲ್ಲಿಂದ ಹುಟ್ಟಿದವು.

ಈ ಕಥೆಯ ಮುಂದಿನ ಅಧ್ಯಾಯ ನಮ್ಮ ಪಾರ್ಕುಗಳನ್ನು ಅಷ್ಟಾಗಿ ತಲುಪಿಲ್ಲ. ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ 13 ಬೇಸಿಗೆಗಳ ಕಾಲ ಕಾಡಿನ ತೋಳಗಳನ್ನು ನೋಡಿದ ಅದೇ ಮೆಕ್, 1999ರಲ್ಲಿ ತಮ್ಮ ಮಾತನ್ನು ತಾವೇ ತಿದ್ದಿದರು. ಕಾಡಿನ ಹಿಂಡೆಂದರೆ ಒಂದು ಕುಟುಂಬ: ತಂದೆ, ತಾಯಿ, ಮಕ್ಕಳು. ಅಲ್ಲಿ ಪಟ್ಟಕ್ಕಾಗಿ ಕುಸ್ತಿಯಿಲ್ಲ. ಗುರುತಿಲ್ಲದ ತೋಳಗಳನ್ನು ಒಂದೇ ಬೇಲಿಯೊಳಗೆ ಕೂಡಿಹಾಕಿದಾಗ ಕಂಡ ಜಗಳವನ್ನು ತೋಳದ ಸ್ವಭಾವವೆಂದು ತಿಳಿದದ್ದೇ ತಪ್ಪಾಗಿತ್ತು. ತಾವು ಬರೆದದ್ದನ್ನು ಮೂರು ದಶಕಗಳ ಬಳಿಕ ತಾವೇ ಅಲ್ಲಗಳೆಯಲು ದೊಡ್ಡ ಮನಸ್ಸು ಬೇಕು. ಆ ದೊಡ್ಡತನಕ್ಕೆ ನಮ್ಮ ಮನೆಯ ನಾಯಿಗಳೂ ಋಣಿಯಾಗಿರಬೇಕು.

ಹಗ್ಗ ಹಾಕಲಾಗದ ಪ್ರಾಣಿ

ಇನ್ನೊಂದು ದಾರಿಯ ಬೇರು ಪ್ರಯೋಗಾಲಯಗಳಲ್ಲಿದೆ. ಜೀರ್ಣಕ್ರಿಯೆಯ ಸಂಶೋಧನೆಗೆ 1904ರಲ್ಲಿ ನೊಬೆಲ್ ಪಡೆದ ಇವಾನ್ ಪಾವ್ಲೊವ್, ಊಟದ ಮುನ್ಸೂಚನೆಗೇ ನಾಯಿಯ ಬಾಯಲ್ಲಿ ನೀರೂರುವುದನ್ನು ತೋರಿಸಿದರು. 1898ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಬೆಕ್ಕುಗಳನ್ನು ಅಗುಳಿಯ ಪೆಟ್ಟಿಗೆಯಲ್ಲಿಟ್ಟು, ಒಳ್ಳೆಯ ಫಲ ತಂದ ಕೆಲಸವನ್ನೇ ಪ್ರಾಣಿ ಮತ್ತೆ ಮಾಡುತ್ತದೆ ಎಂದು ಕಂಡುಕೊಂಡರು. 1938ರಲ್ಲಿ ಬಿ. ಎಫ್. ಸ್ಕಿನ್ನರ್ ಇದನ್ನು ಪೂರ್ಣ ಸಿದ್ಧಾಂತವಾಗಿ ಬೆಳೆಸಿದರು. 1951ರಲ್ಲಿ ಅವರು ಬರೆದ ಒಂದು ಜನಪ್ರಿಯ ಲೇಖನದಲ್ಲಿ, ಒತ್ತಿದರೆ ‘ಟಿಕ್’ ಎನ್ನುವ ಮಕ್ಕಳ ಆಟಿಕೆಯನ್ನು ಹಿಡಿದು ಮನೆಯ ನಾಯಿಗೆ ಕಲಿಸುವ ಬಗೆಯೂ ಇತ್ತು. ಅವರ ಶಿಷ್ಯರಾಗಿದ್ದ ಕೆಲ್ಲರ್ ಮತ್ತು ಮೇರಿಯನ್ ಬ್ರೆಲ್ಯಾಂಡ್ ದಂಪತಿ 1940ರ ದಶಕದಲ್ಲೇ ಈ ವಿದ್ಯೆಯನ್ನು ಕೋಳಿ, ಹಂದಿ, ನಾಯಿಗಳ ಮೇಲೆ ಪ್ರಯೋಗಿಸಿ ಜೀವನೋಪಾಯ ಮಾಡಿಕೊಂಡಿದ್ದರು.

ಆದರೆ ಈ ವಿದ್ಯೆ ಜನರ ಮನೆಗೆ ಬಂದದ್ದು ಡಾಲ್ಫಿನ್‌ಗಳ ಮೂಲಕ. 1960ರ ದಶಕದಲ್ಲಿ ಹವಾಯಿಯ ಸಾಗರ ಉದ್ಯಾನದಲ್ಲಿ ಕೆಲಸ ಮಾಡುತ್ತಿದ್ದ ಕರೆನ್ ಪ್ರಯರ್ ಅವರಿಗೆ ಎದುರಾದ ಸ್ಥಿತಿಯನ್ನು ಊಹಿಸಿ. ಡಾಲ್ಫಿನ್‌ಗೆ ಹಗ್ಗ ಹಾಕಲಾಗದು. ಹೊಡೆಯಲಾಗದು. ಬೇಸರವಾದರೆ ಕೊಳದ ಆ ತುದಿಗೆ ಈಜಿಹೋಗುತ್ತದೆ, ಅಷ್ಟೇ. ಸೀಟಿಯ ಸದ್ದಿನಿಂದ ‘ಇದೇ ಸರಿ’ ಎಂದು ತಿಳಿಸಿ ಮೀನು ಕೊಡುವುದೊಂದೇ ಉಳಿದ ದಾರಿ. ಆ ಅನುಭವವನ್ನು ಅವರು 1984ರಲ್ಲಿ ಪುಸ್ತಕವಾಗಿ ಬರೆದಾಗ ನಾಯಿ ಸಾಕುವವರು ಅದನ್ನು ತಮ್ಮದಾಗಿಸಿಕೊಂಡರು. ಒತ್ತಿದರೆ ‘ಟಿಕ್’ ಎನ್ನುವ ಕ್ಲಿಕ್ಕರ್ ಎಂಬ ಪುಟ್ಟ ಡಬ್ಬಿ 1990ರ ದಶಕದಲ್ಲಿ ಜಗತ್ತನ್ನು ಸುತ್ತಿತು. ಅದಕ್ಕೂ ಮೊದಲೇ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಪಶುವೈದ್ಯ ಇಯಾನ್ ಡನ್‌ಬಾರ್ ಮರಿಗಳಿಗೇ ಪಾಠಶಾಲೆ ತೆರೆದಿದ್ದರು. ಅಲ್ಲಿ ಮರಿಗಳು ಹಗ್ಗವಿಲ್ಲದೆ ಆಡುತ್ತಲೇ ಕಲಿಯುತ್ತಿದ್ದವು. ಹಗ್ಗವೆಂಬ ಆಸರೆ ಇಲ್ಲದೆಡೆಯಲ್ಲೇ ಈ ವಿದ್ಯೆ ಬೆಳೆದದ್ದು ಕಾಕತಾಳೀಯವಲ್ಲ.

ಅಧ್ಯಯನಗಳು ಹೇಳುವುದು

ಕಥೆ ಸರಿ, ಸಾಕ್ಷ್ಯವೇನು? 2004ರಲ್ಲಿ ಬ್ರಿಟನ್ನಿನಲ್ಲಿ 364 ಮಂದಿ ನಾಯಿ ಸಾಕಿದವರನ್ನು ಪ್ರಶ್ನಿಸಿದ ಅಧ್ಯಯನದಲ್ಲಿ, ಬಹುಮಾನ ಕೊಟ್ಟು ಕಲಿಸಿದವರ ನಾಯಿಗಳು ಹೆಚ್ಚು ಮಾತು ಕೇಳುತ್ತಿದ್ದವು. ಶಿಕ್ಷೆ ಬಳಸಿದವರ ಮನೆಗಳಲ್ಲಿ ತೊಂದರೆಯ ನಡವಳಿಕೆ ಹೆಚ್ಚು ಕಂಡಿತು. ಜನ ಹೇಳಿದ್ದನ್ನು ನಂಬಿ ಮಾಡಿದ ಅಧ್ಯಯನವಿದು. ತೊಂದರೆ ಕೊಡುವ ನಾಯಿಗೇ ಹೆಚ್ಚು ಪೆಟ್ಟು ಬೀಳುವುದೂ ಉಂಟು ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. 2009ರಲ್ಲಿ ಅಮೆರಿಕದ ಒಂದು ಚಿಕಿತ್ಸಾಲಯಕ್ಕೆ ನಡವಳಿಕೆಯ ತೊಂದರೆಗೆ ಬಂದ ನಾಯಿಗಳ ಮನೆಯವರನ್ನು ಕೇಳಿದಾಗ, ಹೊಡೆಯುವುದು, ಅದುಮಿ ಹಿಡಿಯುವುದು, ದಿಟ್ಟಿಸಿ ಹೆದರಿಸುವುದು ಮುಂತಾದ ಕ್ರಮಗಳಿಗೆ ಕಾಲುಭಾಗಕ್ಕೂ ಹೆಚ್ಚು ನಾಯಿಗಳು ತಿರುಗಿಬಿದ್ದದ್ದು ತಿಳಿಯಿತು.

2020ರಲ್ಲಿ ಪೋರ್ಚುಗಲ್‌ನ ತಂಡವೊಂದು 92 ನಾಯಿಗಳನ್ನು ತರಬೇತಿ ಶಾಲೆಗಳಲ್ಲೇ ಗಮನಿಸಿತು. ಜೊಲ್ಲಿನಲ್ಲಿ ಒತ್ತಡದ ಹಾರ್ಮೋನ್ ಅಳೆಯಿತು. ಆಮೇಲೆ ಒಂದು ಜಾಣ ಪರೀಕ್ಷೆ ಮಾಡಿತು. ಒಂದು ಬದಿಯಲ್ಲಿಟ್ಟ ಬಟ್ಟಲಲ್ಲಿ ತಿಂಡಿ ಇರುತ್ತದೆ, ಇನ್ನೊಂದು ಬದಿಯದು ಖಾಲಿ ಎಂದು ನಾಯಿಗೆ ಮೊದಲು ಕಲಿಸಿ, ಬಳಿಕ ಬಟ್ಟಲನ್ನು ನಡುವೆ ಇಟ್ಟರು. ಶಿಕ್ಷೆಯೇ ಹೆಚ್ಚಾಗಿದ್ದ ಶಾಲೆಗಳ ನಾಯಿಗಳು ನಡುವಿನ ಬಟ್ಟಲಿನತ್ತ ನಿಧಾನವಾಗಿ ಹೋದವು. ಒಳ್ಳೆಯದು ಸಿಕ್ಕೀತೆಂಬ ಭರವಸೆ ಅವುಗಳಲ್ಲಿ ಕಡಿಮೆಯಿತ್ತು. ಪಾಠದ ನೆರಳು ಪಾಠದ ಹೊತ್ತಿನಾಚೆಗೂ ಚಾಚಿತ್ತು. ಅದೇ ವರ್ಷ ಬ್ರಿಟನ್ನಿನಲ್ಲಿ 63 ನಾಯಿಗಳ ಮೇಲೆ ನಡೆದ ಇನ್ನೊಂದು ಅಧ್ಯಯನ, ಕರೆದಾಗ ಬರುವುದನ್ನು ಕಲಿಸಲು ವಿದ್ಯುತ್ ಕೊರಳಪಟ್ಟಿಯಿಂದ ಹೆಚ್ಚಿನ ಪ್ರಯೋಜನವೇನೂ ಇಲ್ಲವೆಂದು ತೋರಿಸಿತು. ವೇಲ್ಸ್ 2010ರಲ್ಲೇ ಆ ಪಟ್ಟಿಯನ್ನು ನಿಷೇಧಿಸಿತ್ತು.

ಅಧ್ಯಯನಗಳು ಬಹುಮಾನದ ಪಕ್ಷದವರ ಕೆಲವು ನಂಬಿಕೆಗಳನ್ನೂ ಕದಲಿಸಿವೆ. ಕ್ಲಿಕ್ಕರ್ ಇದ್ದರೆ ನಾಯಿ ಬೇಗ ಕಲಿಯುತ್ತದೆ ಎಂಬ ಮಾತನ್ನು ಇಟಲಿಯ ತಂಡವೊಂದು 2016ರಲ್ಲಿ 51 ನಾಯಿಗಳ ಮೇಲೆ ಪರೀಕ್ಷಿಸಿತು. ಕ್ಲಿಕ್ಕರ್, ಬಾಯಿಮಾತು, ಬರೀ ತಿಂಡಿ ಈ ಮೂರರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಹಾಗಾಗಿ ಮನೆಯವರು ಆ ಡಬ್ಬಿಗಾಗಿ ಹುಡುಕಾಡಬೇಕಿಲ್ಲ. ಸರಿಯಾದ ಕ್ಷಣದಲ್ಲಿ ಹೇಳಿದ ‘ಶಭಾಷ್’ ಸಾಕು.

ಮನೆಯೇ ಪಾಠಶಾಲೆ

ಶಿಕ್ಷಕರ ಬಳಿ ತಿಂಗಳು ಬಿಟ್ಟು ಬಂದ ನಾಯಿ ಅವರ ಮುಂದೆ ಶಿಸ್ತಾಗಿದ್ದು, ಮನೆಗೆ ಬಂದೊಡನೆ ಹಳೆಯ ಚಾಳಿ ಹಿಡಿಯುವುದನ್ನು ಅನೇಕರು ಕಂಡಿದ್ದಾರೆ. ನಾಯಿ ಮೋಸ ಮಾಡಿದ್ದಲ್ಲ. ಅದು ಕಲಿಯುವುದು ಜಾಗ, ಜನ, ಹೊತ್ತು ಎಲ್ಲವನ್ನೂ ಸೇರಿಸಿ. ಹಜಾರದಲ್ಲಿ ಕಲಿತ ‘ಕೂತ್ಕೋ’ ಟೆರೇಸಿನಲ್ಲಿ ಹೊಸ ಪಾಠವೇ. ಆಜ್ಞೆಯನ್ನು ಧ್ವನಿಮುದ್ರಿಸಿ ಕೇಳಿಸಿದಾಗ, ಅದೇ ದನಿಯಾಗಿದ್ದರೂ, ನಾಯಿಗಳ ಪ್ರತಿಕ್ರಿಯೆ ಕುಗ್ಗಿದ್ದನ್ನು ಸಂಶೋಧಕರು ಕಂಡಿದ್ದಾರೆ. ನಾವು ಒಂದು ಪದ ಕಲಿಸಿದೆವು ಎಂದುಕೊಂಡಿರುತ್ತೇವೆ. ನಾಯಿ ನಮ್ಮ ಕಣ್ಣು, ಹೆಗಲು, ಕೈ ಎಲ್ಲವನ್ನೂ ಸೇರಿಸಿ ಓದಿರುತ್ತದೆ.

ಆದ್ದರಿಂದ ಮೊದಲ ಪಾಠ ಮನೆಯವರಿಗೇ. ಅಪ್ಪ ‘ಸಿಟ್’ ಎನ್ನುತ್ತಾರೆ, ಅಮ್ಮ ‘ಕೂತ್ಕೋ’, ಅಜ್ಜಿ ‘ಕೂಡು ಮಗಾ’, ಮಕ್ಕಳು ಒಂದೇ ಉಸಿರಿನಲ್ಲಿ ‘ಸಿಟ್ ಸಿಟ್ ಸಿಟ್’. ಕನ್ನಡವೋ ಇಂಗ್ಲಿಷೋ ಎಂಬುದು ನಾಯಿಗೆ ಲೆಕ್ಕವಿಲ್ಲ, ಒಂದೇ ಪದವಾಗಿರಬೇಕು ಅಷ್ಟೇ. ಪದಗಳ ಪಟ್ಟಿಯೊಂದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವುದು ಯಾವ ದುಬಾರಿ ಸಾಮಗ್ರಿಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ‘ಬಾ’ ಮತ್ತು ‘ಬೇಡ’ದಂತೆ ಒಂದೇ ಅಕ್ಷರದಿಂದ ಹೊರಡುವ ಪದಗಳನ್ನು ಜೊತೆಗೆ ಇಟ್ಟುಕೊಳ್ಳದಿದ್ದರೆ ಇನ್ನೂ ಒಳ್ಳೆಯದು.

ಎರಡನೆಯ ಮಾತು, ಪಾಠ ನಡೆಯುವುದು ನಾವು ಗೊತ್ತುಮಾಡಿದ ಹತ್ತು ನಿಮಿಷದಲ್ಲಿ ಮಾತ್ರವಲ್ಲ. ಊಟದ ಹೊತ್ತಿಗೆ ಅಜ್ಜಿ ತಟ್ಟೆಯಿಂದ ಚಪಾತಿಯ ಚೂರು ಹಾಕಿದರೆ, ಮೇಜಿನ ಪಕ್ಕ ಕೂತು ಮುಖ ನೋಡುವುದು ಲಾಭದ ಕೆಲಸವೆಂದು ನಾಯಿ ಕಲಿಯುತ್ತದೆ. ದಿನವೂ ಹಾಕದೆ ಎಂದೋ ಒಮ್ಮೆ ಹಾಕಿದರೆ ಆ ಅಭ್ಯಾಸ ಇನ್ನೂ ಗಟ್ಟಿಯಾಗುತ್ತದೆ, ಏಕೆಂದರೆ ಕಾದರೆ ಸಿಕ್ಕೀತೆಂಬ ಆಸೆ ಬತ್ತುವುದೇ ಇಲ್ಲ. ಅಜ್ಜಿಯ ಪ್ರೀತಿಯನ್ನು ತಡೆಯುವ ಅಗತ್ಯವಿಲ್ಲ. ಅದೇ ಚೂರನ್ನು ನಾಯಿ ತನ್ನ ಜಮಖಾನದ ಮೇಲೆ ಮಲಗಿದ್ದಾಗ ಅಲ್ಲಿಗೇ ಹೋಗಿ ಕೊಟ್ಟರೆ, ಪ್ರೀತಿಯೂ ಉಳಿಯಿತು, ಪಾಠವೂ ಆಯಿತು.

ಎಷ್ಟು ಹೊತ್ತು ಕಲಿಸಬೇಕು? 2011ರಲ್ಲಿ ಡೆನ್ಮಾರ್ಕಿನಲ್ಲಿ 44 ಬೀಗಲ್ ನಾಯಿಗಳಿಗೆ ಬುಟ್ಟಿಗೆ ಹೋಗಿ ಕೂರುವುದನ್ನು ಕಲಿಸಿದರು. ದಿನವೂ ಪಾಠವಾದವುಗಳಿಗಿಂತ ವಾರಕ್ಕೆ ಒಂದೆರಡು ಬಾರಿ ಪಾಠವಾದವು ಕಡಿಮೆ ಪಾಠಗಳಲ್ಲೇ ಕಲಿತವು. ಕೆಲಸಕ್ಕೆ ಹೋಗುವವರಿಗೆ ಇದು ಸಮಾಧಾನದ ಸುದ್ದಿ. ನಾಲ್ಕೈದು ನಿಮಿಷದ ಪಾಠ, ನಡುವೆ ಬಿಡುವು, ಇನ್ನಷ್ಟು ಬೇಕು ಎನ್ನುವಾಗಲೇ ನಿಲ್ಲಿಸುವುದು ಸಾಕು. ವಯಸ್ಸಿನ ಬಗ್ಗೆಯೂ ನಮ್ಮ ಗಾದೆಗಳು ತೀರ ನಿರಾಶೆಯವು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ’ ಎನ್ನುತ್ತೇವೆ. ವಿಯೆನ್ನಾದಲ್ಲಿ 5 ತಿಂಗಳಿಂದ 13 ವರ್ಷದವರೆಗಿನ ಬಾರ್ಡರ್ ಕೋಲಿ ನಾಯಿಗಳನ್ನು ಸ್ಪರ್ಶಪರದೆಯ ಮುಂದೆ ಪರೀಕ್ಷಿಸಿದಾಗ, ಮುದಿ ನಾಯಿಗಳು ನಿಧಾನವಾಗಿ ಕಲಿತವು, ಆದರೆ ಕಲಿತವು. ತರ್ಕ ಬೇಕಾದ ಒಂದು ಪರೀಕ್ಷೆಯಲ್ಲಂತೂ ಎಳೆಯವನ್ನೇ ಹಿಂದೆ ಹಾಕಿದವು. ಆದರೂ ಮೂರು ವಾರದಿಂದ ಸುಮಾರು ಹದಿನಾಲ್ಕು ವಾರದವರೆಗಿನ ಕಾಲಕ್ಕೆ ಸಾಟಿಯಿಲ್ಲ. ಆಗ ಕಂಡ ಜನ, ಸದ್ದು, ವಾಹನಗಳಿಗೆ ಮರಿ ಜೀವನವಿಡೀ ಹೆದರುವುದು ಕಡಿಮೆ. ಲಸಿಕೆಗಳು ಮುಗಿಯುವ ತನಕ ಎತ್ತಿಕೊಂಡೇ ಬೀದಿ ತೋರಿಸಬಹುದು.

ಐದು ಪಾಠಗಳು

ಮನೆಯ ನಾಯಿಗೆ ಬೇಕಾದ ಮೂಲಪಾಠಗಳು ಐದೇ: ಕೂರುವುದು, ಮಲಗುವುದು, ಇದ್ದಲ್ಲೇ ಇರುವುದು, ಬಾಯಲ್ಲಿರುವುದನ್ನು ಬಿಡುವುದು, ಕರೆದಾಗ ಬರುವುದು. ಹಗ್ಗ ಜಗ್ಗದೆ ಪಕ್ಕದಲ್ಲಿ ನಡೆಯುವುದು ಇವುಗಳ ಬೆನ್ನಿಗೆ ಬರುತ್ತದೆ.

ಕೂರಿಸಲು ಬೆನ್ನು ಒತ್ತಬೇಕಿಲ್ಲ. ಬೇಯಿಸಿದ ಕೋಳಿಯ ಅಥವಾ ಪನೀರಿನ ಕಡಲೆಯಷ್ಟು ಚೂರನ್ನು ಮೂಗಿನ ಬಳಿ ಹಿಡಿದು ತಲೆಯ ಮೇಲೆ ಹಿಂದಕ್ಕೆ ಸರಿಸಿ. ಮೂಗು ಮೇಲೇರಿದಂತೆ ಹಿಂಭಾಗ ತಾನಾಗಿ ನೆಲಕ್ಕಿಳಿಯುತ್ತದೆ. ಇಳಿದ ಕ್ಷಣವೇ ‘ಶಭಾಷ್’, ಆಮೇಲೆ ಚೂರು. ನಾಲ್ಕೈದು ಸಲ ಆದ ಮೇಲೆ ಖಾಲಿ ಕೈಯಲ್ಲೇ ಅದೇ ಸನ್ನೆ. ತಿಂಡಿ ಇನ್ನೊಂದು ಕೈಯಿಂದ ಬರಲಿ. ಸನ್ನೆ ಕೂಡಿಬಂದ ಮೇಲೆ ಪದ ಸೇರಿಸಿ. ತಿಂಡಿ ಕೊಟ್ಟರೆ ಲಂಚವಾಗುತ್ತದೆ ಎನ್ನುವವರಿಗೆ ಉತ್ತರ ಇಲ್ಲಿದೆ: ಮೊದಲೇ ತೋರಿಸಿ ಕೆಲಸ ಮಾಡಿಸಿದರೆ ಲಂಚ, ಕೆಲಸವಾದ ಮೇಲೆ ಕೊಟ್ಟರೆ ಕೂಲಿ. ಮೊದಲ ಎರಡು ದಿನದ ಲಂಚವನ್ನು ಮೂರನೆಯ ದಿನ ಕೂಲಿಯಾಗಿ ಬದಲಿಸದವರ ನಾಯಿ ಮಾತ್ರ ಕೈ ನೋಡಿ ಕೂರುತ್ತದೆ. ಈ ಚೂರುಗಳು ದಿನದ ಆಹಾರದ ಹತ್ತನೆಯ ಒಂದು ಪಾಲನ್ನು ಮೀರದಿರಲಿ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ಮಾತ್ರ ಯಾವ ಲೆಕ್ಕದಲ್ಲೂ ಬೇಡ. ಅವು ನಾಯಿಗೆ ವಿಷ.

‘ಇರು’ ಎಂಬ ಪಾಠದಲ್ಲಿ ಸೋಲುವುದು ಆತುರದಿಂದ. ಎಷ್ಟು ಹೊತ್ತು, ನಾವೆಷ್ಟು ದೂರ, ಸುತ್ತ ಎಷ್ಟು ಗದ್ದಲ ಎಂಬ ಮೂರು ಮೆಟ್ಟಿಲು ಇಲ್ಲಿವೆ. ಒಂದು ಸಲಕ್ಕೆ ಒಂದನ್ನೇ ಏರಿಸಬೇಕು. ಎರಡು ಸಲ ತಪ್ಪಿದರೆ ಪಾಠ ಕಷ್ಟವಾಯಿತೆಂದು ತಿಳಿದು ಒಂದು ಮೆಟ್ಟಿಲು ಇಳಿಯಬೇಕು.

ಕರೆದಾಗ ಬರುವುದು ಎಲ್ಲಕ್ಕಿಂತ ದೊಡ್ಡದು, ನಾವು ಅತಿ ಹೆಚ್ಚು ಕೆಡಿಸುವುದೂ ಅದನ್ನೇ. ‘ಬಾ’ ಎಂದು ಕರೆದು ಉಣ್ಣಿ ಕೀಳುತ್ತೇವೆ, ಸ್ನಾನ ಮಾಡಿಸುತ್ತೇವೆ, ಆಟ ನಿಲ್ಲಿಸಿ ಚೈನಿಗೆ ಕಟ್ಟುತ್ತೇವೆ, ತಡವಾಗಿ ಬಂದದ್ದಕ್ಕೆ ಬೈಯುತ್ತೇವೆ. ನಾಯಿಯ ಲೆಕ್ಕದಲ್ಲಿ ‘ಬಾ’ ಎಂದರೆ ಸುಖದ ಕೊನೆ. ಈ ಪದವನ್ನು ಬ್ಯಾಂಕಿನ ಖಾತೆಯಂತೆ ಕಾಯಬೇಕು: ಜಮೆ ಹೆಚ್ಚು, ಖರ್ಚು ಕಡಿಮೆ. ಹತ್ತು ಸಲ ಕರೆದರೆ ಒಂಬತ್ತು ಸಲ ಒಳ್ಳೆಯ ತಿಂಡಿ ಕೊಟ್ಟು ಮತ್ತೆ ಆಟಕ್ಕೇ ಬಿಡಬೇಕು. ಉಣ್ಣಿ ಕೀಳಬೇಕಿದ್ದರೆ ನಾವೇ ಎದ್ದು ಅದರ ಬಳಿ ಹೋಗುವುದು ಲೇಸು. ಗೇಟು ತೆರೆದ ಆ ಬೆಳಗ್ಗೆ ಖಾತೆಯಲ್ಲಿ ಉಳಿದದ್ದೇ ಜೀವ ಉಳಿಸುತ್ತದೆ.

ಆಟವಾಗಿ ಬಂದ ಪರೀಕ್ಷೆ

ವಿಧೇಯತೆಯ ಸ್ಪರ್ಧೆಗಳು ಅಮೆರಿಕದಲ್ಲಿ 1933ರಲ್ಲಿ ಹೆಲೆನ್ ವಾಕರ್ ಎಂಬ ಮಹಿಳೆಯಿಂದ ಶುರುವಾದವು. ತಾವು ಸಾಕಿದ ಪೂಡಲ್ ನಾಯಿಗಳು ನೋಟಕ್ಕಷ್ಟೇ ಅಲ್ಲ, ಬುದ್ಧಿಯಲ್ಲೂ ಮುಂದೆಂದು ತೋರಿಸುವುದು ಅವರ ಹಟವಾಗಿತ್ತು. ಅಜಿಲಿಟಿ ಹುಟ್ಟಿದ್ದು ಬಹಳ ತಡವಾಗಿ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ ಬಿಡುವಿನ ಹೊತ್ತು ತುಂಬಲು ಏನಾದರೂ ಬೇಕಿತ್ತು. ಸಮಿತಿಯ ಜಾನ್ ವಾರ್ಲಿ, ತರಬೇತುದಾರ ಪೀಟರ್ ಮೀನ್‌ವೆಲ್ ಜೊತೆ ಸೇರಿ, ಕುದುರೆಗಳ ಅಡೆತಡೆ ಓಟದ ಮಾದರಿಯಲ್ಲಿ ನಾಯಿಗಳ ಓಟವೊಂದನ್ನು ಕಟ್ಟಿದರು. ಜನ ಮುಗಿಬಿದ್ದು ನೋಡಿದರು. ಎರಡೇ ವರ್ಷಕ್ಕೆ, 1980ರಲ್ಲಿ, ಬ್ರಿಟನ್ನಿನ ಕೆನಲ್ ಕ್ಲಬ್ ಅದಕ್ಕೆ ನಿಯಮ ರೂಪಿಸಿತು. 1996ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು.

ಸ್ಪರ್ಧೆಯ ಗೂಟಗಳು 12, ನಡುವಿನ ಅಂತರ 60 ಸೆಂ.ಮೀ. ಹಲಗೆಯ ಎರಡೂ ತುದಿಗಳಲ್ಲಿ ಬೇರೆ ಬಣ್ಣ ಬಳಿದ ಭಾಗವಿರುತ್ತದೆ; ಅದನ್ನು ಮೆಟ್ಟದೆ ಹಾರಿದರೆ ಅಂಕ ಹೋಗುತ್ತದೆ. ಎತ್ತರದಿಂದ ಜಿಗಿದು ಕೀಲು ಮುರಿದುಕೊಳ್ಳದಿರಲೆಂದು ಇಟ್ಟ ನಿಯಮವಿದು. ಆಟದ ನಿಯಮದಲ್ಲೇ ನಾಯಿಯ ದೇಹದ ಮೇಲಿನ ಕಾಳಜಿ ಸೇರಿಕೊಂಡಿದೆ. ನಾಯಿ ಓಡುತ್ತಾ ನಮ್ಮ ಮಾತಿಗಿಂತ ಹೆಚ್ಚಾಗಿ ನಮ್ಮ ಹೆಗಲು ಮತ್ತು ಪಾದ ಯಾವ ಕಡೆಗಿದೆ ಎಂದು ನೋಡುತ್ತದೆ. ಹೊಸಬರ ನಾಯಿ ತಪ್ಪು ಸುರಂಗಕ್ಕೆ ನುಗ್ಗಿದಾಗ ಅನುಭವಿಗಳು ನೋಡುವುದು ನಾಯಿಯನ್ನಲ್ಲ, ಓಡಿಸಿದವರ ಪಾದವನ್ನು.

ಮನೆಯಲ್ಲಿ ಆರಂಭಿಸಲು ಸ್ಪರ್ಧೆಯ ಸಾಮಗ್ರಿ ಬೇಡ. ಅಡುಗೆಮನೆಯ ಮೂಲೆಯಲ್ಲಿರುವ ಮರದ ಮಣೆಯೇ ಮೊದಲ ಸಾಧನ. ಮುಂಗಾಲೆರಡನ್ನು ಮಣೆಯ ಮೇಲಿಡಲು ಕಲಿಸಿ, ನಾವು ನಿಧಾನವಾಗಿ ಸುತ್ತ ಸರಿದರೆ, ನಾಯಿ ಹಿಂಗಾಲುಗಳನ್ನು ಸರಿಸುತ್ತಾ ತಿರುಗುತ್ತದೆ. ಹೆಚ್ಚಿನ ನಾಯಿಗಳಿಗೆ ಮುಂಗಾಲು ಹೋದಲ್ಲಿ ಹಿಂಗಾಲು ಬರುತ್ತದೆ ಎಂಬುದಷ್ಟೇ ಗೊತ್ತು. ಹಿಂಗಾಲನ್ನು ಬೇಕೆಂದಲ್ಲಿ ಇಡಬಹುದೆಂಬ ಅರಿವು ಈ ಮಣೆಯಿಂದ ಬರುತ್ತದೆ. ಹಲಗೆಯ ಮೇಲಿನ ಎಲ್ಲ ಪಾಠಕ್ಕೂ ಇದೇ ಅಡಿಪಾಯ. ಆಮೇಲೆ ನೆಲದ ಮೇಲೆ ಮಲಗಿಸಿದ ಹಲಗೆಯೊಂದರ ಮೇಲೆ ನಡೆಸಿ, ತುದಿಯಲ್ಲಿ ಮುಂಗಾಲು ನೆಲದಲ್ಲಿ, ಹಿಂಗಾಲು ಹಲಗೆಯಲ್ಲಿ ನಿಲ್ಲುವಂತೆ ಕಲಿಸಬಹುದು.

ನಾಲ್ಕು ಕುರ್ಚಿಯ ಮೇಲೆ ಬೆಡ್‌ಶೀಟ್ ಹೊದಿಸಿದರೆ ಸುರಂಗ. ಆ ಬದಿಯಲ್ಲಿ ಒಬ್ಬರು ಕೂತು ಒಳಗಿನಿಂದ ಮುಖ ಕಾಣುವಂತೆ ಕರೆಯಲಿ. ಒಳಗೆ ನೂಕುವುದು ಎಂದೂ ಬೇಡ. ಎರಡು ಇಟ್ಟಿಗೆಯ ಮೇಲೆ ಪೊರಕೆಯ ಕೋಲು ಅಥವಾ ಪಿವಿಸಿ ಪೈಪು ಇಟ್ಟರೆ ಹಾರುವ ಅಡ್ಡಕೋಲು. ತಾಗಿದರೆ ಅದು ಬೀಳುವಂತಿರಬೇಕು, ಕಟ್ಟಿರಬಾರದು. ಮರಳು ತುಂಬಿದ ನೀರಿನ ಬಾಟಲಿಗಳಲ್ಲಿ ಪೈಪು ನಿಲ್ಲಿಸಿದರೆ ಗೂಟಗಳು. ಅವನ್ನು ಮೊದಲು ಎರಡು ಸಾಲಾಗಿ, ನಡುವೆ ಓಣಿ ಬಿಟ್ಟು ಇಡಿ. ನಾಯಿ ನೇರ ಓಡಲಿ. ವಾರ ಕಳೆದಂತೆ ಓಣಿಯನ್ನು ಬೆರಳಗಲ ಕಿರಿದು ಮಾಡುತ್ತಾ ಬಂದರೆ ಅದು ತನಗರಿವಿಲ್ಲದೆ ಹೊರಳಿ ದಾಟಲು ಕಲಿಯುತ್ತದೆ.

ಈ ಆಟದ ನಿಜವಾದ ಲಾಭ ಪದಕವಲ್ಲ. ಪುಕ್ಕಲು ನಾಯಿ ಅಲುಗಾಡುವ ಹಲಗೆಯನ್ನು ತಾನಾಗಿ ಮೆಟ್ಟಿದ ದಿನ ಅದರ ಬಾಲ ಮತ್ತು ಕಿವಿ ಬೇರೆಯೇ ಮಾತಾಡುತ್ತವೆ. ಅದು ಕಲಿತದ್ದು ಹಲಗೆಯನ್ನಷ್ಟೇ ಅಲ್ಲ. ಹೆದರಿಕೆಯ ವಸ್ತುವಿನ ಬಳಿಗೆ ತಾನೇ ಹೋಗಬಹುದು, ಬೇಡವೆನಿಸಿದರೆ ಹಿಂದೆ ಸರಿಯಬಹುದು, ಯಾರೂ ದೂಡುವುದಿಲ್ಲ ಎಂಬುದನ್ನೂ ಕಲಿತಿದೆ.

ಮೂಳೆ, ನೆಲ, ಬಿಸಿಲು

ಉತ್ಸಾಹದಲ್ಲಿ ಮರೆಯಬಾರದ ಸಂಗತಿಗಳಿವೆ. ಮರಿಯ ಉದ್ದಮೂಳೆಗಳ ತುದಿಯಲ್ಲಿರುವ ಬೆಳವಣಿಗೆಯ ಭಾಗ ಗಟ್ಟಿಯಾಗಲು ಸಾಮಾನ್ಯವಾಗಿ ವರ್ಷ ಬೇಕು, ದೊಡ್ಡ ತಳಿಗಳಿಗೆ ಒಂದೂವರೆ ವರ್ಷದವರೆಗೂ ಬೇಕಾದೀತು. ಅಂತರರಾಷ್ಟ್ರೀಯ ಸ್ಪರ್ಧೆಗೆ 18 ತಿಂಗಳ ಮೊದಲು ನಾಯಿಯನ್ನು ಬಿಡದಿರುವುದು ಇದಕ್ಕಾಗಿಯೇ. ಅಲ್ಲಿಯವರೆಗೆ ಕೋಲು ನೆಲದ ಮೇಲೇ ಇರಲಿ, ಹೆಚ್ಚೆಂದರೆ ಮರಿಯ ಮೊಣಕಾಲಿನ ಕೆಳಗೆ. ಸುರಂಗ, ಮಣೆ, ತಿರುವುಗಳಿಗೆ ಅಡ್ಡಿಯಿಲ್ಲ. ಉದ್ದ ಬೆನ್ನಿನ ಡ್ಯಾಶುಂಡ್‌ಗೆ ಹಾರಿಸುವ ಪಾಠವೇ ಬೇಡ. ಅದರ ಬೆನ್ನೆಲುಬು ಸೂಕ್ಷ್ಮ.

ನಮ್ಮ ಮನೆಗಳ ವಿಶೇಷ ಅಪಾಯವೆಂದರೆ ನೆಲ. ಹೊಳಪಿನ ಟೈಲ್ಸ್, ಗ್ರಾನೈಟಿನ ಮೇಲೆ ಓಡಿ ತಿರುಗುವ ನಾಯಿಯ ಕಾಲು ಜಾರಿ ಸೊಂಟ, ಮಂಡಿಗೆ ಪೆಟ್ಟಾಗುತ್ತದೆ. ಜಮಖಾನ, ಹಳೆಯ ಯೋಗ ಮ್ಯಾಟ್ ಹಾಸಿ ಆಡಿಸಬೇಕು. ಹಿತ್ತಿಲಿನ ಮಣ್ಣು ಎಲ್ಲಕ್ಕಿಂತ ಮೇಲು. ಟೆರೇಸಾದರೆ ಕೈಗೋಡೆಯ ಬಳಿ ಹಾರುವ ಆಟ ಬೇಡವೇ ಬೇಡ.

ಇನ್ನು ಬಿಸಿಲು. ನಾಯಿ ಮೈ ಬೆವರುವುದಿಲ್ಲ, ಏದುಸಿರಿನಿಂದಲೇ ಶಾಖ ಹೊರಹಾಕಬೇಕು. ಪಗ್‌ನಂತಹ ಚಪ್ಪಟೆ ಮೂತಿಯ ನಾಯಿಗೆ ಅದೂ ಕಷ್ಟ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಸೂರ್ಯ ಹುಟ್ಟುವ ಮುನ್ನವೋ ಇಳಿದು ನೆಲ ಆರಿದ ಮೇಲೋ ಮಾತ್ರ ಆಟ. ಅಂಗೈಯ ಹಿಂಬದಿಯನ್ನು ಡಾಂಬರಿನ ಮೇಲೆ ಏಳು ಸೆಕೆಂಡು ಇಡಲಾಗದಿದ್ದರೆ ಅದರ ಪಾದವೂ ಸುಡುತ್ತದೆ. ಕಲಿತ ಕೆಲಸವನ್ನು ಒಮ್ಮೆಲೇ ನಿರಾಕರಿಸುವ ನಾಯಿಗೆ ಹಟವೆನ್ನುವ ಮೊದಲು ಪಶುವೈದ್ಯರಿಗೆ ತೋರಿಸಬೇಕು. ನೋವನ್ನು ಅದು ಬೇರೆ ಹೇಗೆ ಹೇಳೀತು?

ನಮ್ಮ ನಾಯಿಗಳು

ವಿದೇಶಿ ತಳಿಗಳಷ್ಟೇ ಕಲಿಯುತ್ತವೆ ಎಂಬ ತಪ್ಪು ತಿಳಿವಳಿಕೆ ಇನ್ನೂ ಇದೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ಜಾತಿ. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರ ಅದರ ತಳಿ ಉಳಿಸುವ ಕೆಲಸ ಮಾಡುತ್ತಿದೆ, ಭಾರತೀಯ ಸೇನೆಯೂ ಅದಕ್ಕೆ ತರಬೇತಿ ಕೊಟ್ಟಿದೆ. ದೂರದಲ್ಲಿ ಓಡುವ ವಸ್ತು ಕಂಡರೆ ಅದರ ಜಗತ್ತೆಲ್ಲ ಅಲ್ಲಿಯೇ. ‘ಬಾ’ ಕಲಿಸಲು ಲ್ಯಾಬ್ರಡಾರ್‌ಗಿಂತ ಹೆಚ್ಚು ತಾಳ್ಮೆ ಬೇಕು. ಅದಕ್ಕೆ ತಿಂಡಿಗಿಂತ ಓಟವೇ ದೊಡ್ಡ ಬಹುಮಾನ: ಕರೆದಾಗ ಬಂದರೆ ಎಳೆದಾಡಿಸುವ ಬಟ್ಟೆಯ ತುಂಡನ್ನು ಅಟ್ಟಿಸಿಕೊಂಡು ಓಡಲು ಬಿಡುವುದು. ಬೀದಿಯಿಂದ ಬಂದ ನಮ್ಮ ನಾಡನಾಯಿ ಹಗುರ ಮೈಯದು, ಚುರುಕಿನದು, ಅಜಿಲಿಟಿಗೆ ಹೇಳಿ ಮಾಡಿಸಿದ್ದು. ಆದರೆ ‘ಹಚಾ’ ಎಂಬ ಗದರಿಕೆ ಮತ್ತು ಕಲ್ಲನ್ನು ಕಂಡು ಬೆಳೆದಿದ್ದರೆ, ಎತ್ತಿದ ಕೈಯನ್ನೇ ಅದು ಪೆಟ್ಟೆಂದು ಓದುತ್ತದೆ. ಅಂಥದಕ್ಕೆ ಸನ್ನೆಗಳು ಸೊಂಟದ ಕೆಳಗಿರಲಿ, ಮೊದಲ ತಿಂಗಳು ಪಾಠಕ್ಕಿಂತ ನಂಬಿಕೆಗೆ ಮೀಸಲಾಗಲಿ.

ನಾಯಿಯ ಕೆಲಸವನ್ನು ಗೌರವಿಸುವುದು ಈ ನೆಲಕ್ಕೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಕ್ರಿ.ಶ. 949–50ರ ಸುಮಾರಿನದು, ಕಾಳಿ ಎಂಬ ಬೇಟೆನಾಯಿಯ ವೀರಗಲ್ಲು. ಮಣಲೇರನೆಂಬ ವೀರನ ಶೌರ್ಯಕ್ಕೆ ಮೆಚ್ಚಿದ ದೊರೆ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಆ ನಾಯಿಯನ್ನು. ಕಾಡುಹಂದಿಯೊಂದಿಗೆ ಸೆಣಸಿ, ಅದನ್ನು ಕೊಂದು ಕಾಳಿಯೂ ಸತ್ತಾಗ ಅದಕ್ಕೆ ಕಲ್ಲು ನಿಲ್ಲಿಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಷ್ಟು ದೊಡ್ಡ ಹಂದಿಯ ಎದುರು ನಿಂತ ನಾಯಿಯನ್ನು ಆ ಗಳಿಗೆಯಲ್ಲಿ ಹಿಡಿದಿದ್ದ ಹಗ್ಗ ಯಾವುದೂ ಇರಲಿಲ್ಲ.

ಬಗೆಹರಿಯದೆ ಉಳಿದದ್ದು

ಎಲ್ಲ ಪ್ರಶ್ನೆಗಳೂ ಮುಗಿದಿವೆ ಎಂದರೆ ಪ್ರಾಮಾಣಿಕತೆಯಲ್ಲ. ಬಹುಮಾನದಿಂದ ಕಲಿಸುವವರೂ ಒಂದಲ್ಲ ಒಂದು ಹೊತ್ತಿನಲ್ಲಿ ‘ಬೇಡ’ ಎನ್ನುತ್ತಾರೆ, ಬಾಗಿಲು ಮುಚ್ಚುತ್ತಾರೆ, ಆಟ ನಿಲ್ಲಿಸುತ್ತಾರೆ. ಅದೂ ನಾಯಿಗೆ ಹಿತವಲ್ಲ. ಹಿತವಲ್ಲದ್ದು ಎಲ್ಲಿ ಮುಗಿದು ಕ್ರೌರ್ಯ ಎಲ್ಲಿ ಶುರುವಾಗುತ್ತದೆ ಎಂಬ ಗೆರೆಯ ಬಗ್ಗೆ ಬಲ್ಲವರಲ್ಲೂ ಭಿನ್ನಮತವಿದೆ. ಕುರಿ, ಕೋಳಿಗಳನ್ನು ಬೆನ್ನಟ್ಟಿ ಕೊಲ್ಲುವ ನಾಯಿಗೆ ಕಠಿಣ ತಡೆ ಬೇಕೇಬೇಕೆಂದು ಅನುಭವಿ ತರಬೇತುದಾರರು ಕೆಲವರು ವಾದಿಸುತ್ತಾರೆ. ಅವರಿಗೆ ಉತ್ತರವಾಗಿ ಹೇಳಬಹುದಾದದ್ದು, ಅಂಥಲ್ಲಿ ಗಟ್ಟಿ ಬೇಲಿ ಮತ್ತು ಉದ್ದ ಹಗ್ಗ ಶಿಕ್ಷೆಗಿಂತ ನಂಬುಗೆಯವು ಎಂಬುದು. ಕಚ್ಚುವ, ವಿಪರೀತ ಹೆದರುವ ನಾಯಿಗೆ ಮನೆಯ ಪಾಠ, ಲೇಖನ ಯಾವುದೂ ಸಾಲದು. ಅದಕ್ಕೆ ಪಶುವೈದ್ಯರ ಮೂಲಕವೇ ಹೋಗಬೇಕು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಬಾಗಿಲು, ಗೇಟು ಎಲ್ಲ ಭದ್ರಪಡಿಸಿ ಹಿತ್ತಿಲಲ್ಲಿ ನಾಯಿಯ ಹಗ್ಗ ಬಿಚ್ಚಿ, ತಿಂಡಿಯ ಡಬ್ಬಿ ಒಳಗೇ ಬಿಟ್ಟು ಬನ್ನಿ. ಅದು ಮೂಲೆಯ ಬಸಳೆ ಚಪ್ಪರದಡಿ ಏನನ್ನೋ ಮೂಸುತ್ತಿರುವಾಗ, ಸಹಜ ದನಿಯಲ್ಲಿ ಒಂದೇ ಸಲ ‘ಬಾ’ ಎನ್ನಿ. ಅದು ತಲೆಯೆತ್ತಿ, ಕಿವಿ ಹಿಂದೆ ಮಾಡಿ, ಓಡಿ ಬಂದರೆ ಒಳಗೆ ಕರೆದೊಯ್ದು ಡಬ್ಬಿ ತೆರೆಯಿರಿ. ಬರದಿದ್ದರೆ ಬೈಯಬೇಡಿ. ನಾಳೆಯಿಂದ ಆ ಪದದ ಖಾತೆಗೆ ಮತ್ತೆ ಜಮೆ ಮಾಡಲು ಶುರುಮಾಡಿ, ಗೇಟಿನ ಚಿಲಕವನ್ನು ಇವತ್ತೇ ಸರಿಯಾಗಿ ಹಾಕಿ.